ಸೊರೊರಿಟಿ, ದೇಸಿ ಸೊರೊರಿಟಿ, ಸೇವಾ ಫ್ರಟರ್ನಿಟಿ: ಮೂರೂ ಬಾಗಿಲು ತಟ್ಟಿದ ಮೇಲೆ

ಅಮೆರಿಕಕ್ಕೆ ಡಿಗ್ರಿ ಓದಲು ಹೊರಟ ಹುಡುಗಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ: "ಅಕ್ಕಾ, ಸೊರೊರಿಟಿ ಸೇರಬೇಕಾ, ಬೇಡವಾ?" ಹೌದು, ಇಲ್ಲ ಎಂದು ಒಂದೇ ಮಾತಲ್ಲಿ ಹೇಳಲು ನನಗಾಗುವುದಿಲ್ಲ. ಸೊರೊರಿಟಿ ಎಂದರೆ ಕಾಲೇಜು ಹುಡುಗಿಯರ ಸಂಘ, ಫ್ರಟರ್ನಿಟಿ ಎಂದರೆ ಸಾಮಾನ್ಯವಾಗಿ ಹುಡುಗರದ್ದು. ಹೀಗೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಸಂಘಗಳೆಲ್ಲ ಒಂದೇ ಜಾತಿಯವಲ್ಲ. ಮೊದಲ ವರ್ಷದಲ್ಲಿ ನಾನು ಮೂರು ಬಗೆಯವಕ್ಕೆ ಹೋಗಿ ನೋಡಿದೆ, ಒಂದನ್ನು ಸೇರಿದೆ.

ಮೊದಲನೆಯದು ಸಿನಿಮಾಗಳಲ್ಲಿ ಕಾಣುವಂಥದ್ದು: ಕಂಬಗಳಿರುವ ದೊಡ್ಡ ಮನೆ, ಬಾಗಿಲ ಮೇಲೆ ಅಕ್ಷರ. 1902ರಲ್ಲಿ ಶುರುವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಅಡಿಯಲ್ಲಿ ನಾನು ಹೋದಾಗ ಇಂಥ 26 ಸೊರೊರಿಟಿಗಳಿದ್ದವು. ಸೇರುವ ಪ್ರಕ್ರಿಯೆಗೆ ಎಲ್ಲರೂ ರಷ್ ಅನ್ನುತ್ತಾರೆ. ನಮ್ಮಲ್ಲಿ ಅದು ಆಗಸ್ಟ್‌ನಲ್ಲಿ, ಕ್ಲಾಸು ಶುರುವಾಗುವ ಮೊದಲೇ ನಡೆಯಿತು. ಬಾಗಿಲು ತೆರೆದರೆ ಒಳಗೆ ಹತ್ತಾರು ಹುಡುಗಿಯರು ಹಾಡುತ್ತಾ ಚಪ್ಪಾಳೆ ತಟ್ಟುತ್ತಾ ನಿಂತಿರುತ್ತಾರೆ. ಒಬ್ಬಳು ಕೈಹಿಡಿದು ಕೂರಿಸಿ ಐದು ನಿಮಿಷ ಮಾತಾಡುತ್ತಾಳೆ, ಆಮೇಲೆ ಇನ್ನೊಬ್ಬಳು. ರಾತ್ರಿ ನಾವು ನಮಗಿಷ್ಟವಾದ ಮನೆಗಳನ್ನು ಕ್ರಮವಾಗಿ ಬರೆದುಕೊಡಬೇಕು, ಅವರೂ ನಮ್ಮ ಬಗ್ಗೆ ಬರೆಯುತ್ತಾರೆ. ಎರಡೂ ಪಟ್ಟಿ ಹೊಂದಿದರೆ ಮರುದಿನ ಮತ್ತೆ ಕರೆ.

ಎರಡನೇ ದಿನ ಒಬ್ಬಳು ನನ್ನೂರು ತೀರ್ಥಹಳ್ಳಿ ಎಲ್ಲಿದೆ ಎಂದು ಕೇಳಿದಳು. ಅಡಿಕೆ ತೋಟ, ಜೂನ್ ಮಳೆ, ಅಡಿಕೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವ ಬಗೆ, ಎಲ್ಲ ಹೇಳಿದೆ. ಮನಸಿಟ್ಟು ಕೇಳಿದಳು. ಮರುದಿನ ನನ್ನನ್ನು ಮತ್ತೆ ಕರೆದ ಮನೆಗಳ ಪಟ್ಟಿಯಲ್ಲಿ ಆ ಮನೆಯ ಹೆಸರಿರಲಿಲ್ಲ. ಕಾರಣ ಯಾರೂ ಹೇಳುವುದಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಹಾಸ್ಟೆಲ್ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹದಿನೆಂಟರ ಹುಡುಗಿಗೆ ಇದು ಸಣ್ಣ ನೋವಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ.

ಕೊನೆಯ ಸುತ್ತಿನ ನಂತರ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ನಾನು ಹೋದ ವರ್ಷದ ನಿಯಮದಂತೆ, ಸಹಿ ಹಾಕಿ, ಬಿಡ್ (ಸೇರಲು ಕರೆ) ಬಂದ ಮೇಲೆ ಬೇಡವೆಂದರೆ ಮುಂದಿನ ರಷ್‌ವರೆಗೆ ಆ ಕ್ಯಾಂಪಸ್ಸಿನಲ್ಲಿ ಈ 26ರಲ್ಲಿ ಬೇರೆ ಯಾವುದಕ್ಕೂ ಸೇರುವಂತಿಲ್ಲ. ನಾನು ಸಹಿ ಹಾಕಲಿಲ್ಲ. ಕಾರಣ ದುಡ್ಡು. ಮೊದಲ ಸೆಮಿಸ್ಟರಿಗೆ ಸುಮಾರು 900 ಡಾಲರ್, ಎರಡನೇ ವರ್ಷ ಆ ಮನೆಯಲ್ಲೇ ವಾಸ, ಅದಕ್ಕೆ ಬೇರೆ ಬಾಡಿಗೆ. ಎಫ್-1 ವಿದ್ಯಾರ್ಥಿ ವೀಸಾದವರು ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಲೈಬ್ರರಿ ಕೌಂಟರಿನಲ್ಲಿ ಕೂತು ದುಡಿದದ್ದನ್ನು ಅಲ್ಲಿ ಸುರಿಯಲು ಮನಸ್ಸಾಗಲಿಲ್ಲ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಈ ಸೊರೊರಿಟಿ ಮನೆಗಳೊಳಗೆ ಸಾಮಾನ್ಯವಾಗಿ ಮದ್ಯ ನಿಷೇಧ. ಹಾಗಾಗಿ ಪಾರ್ಟಿಗಳು ಹುಡುಗರ ಫ್ರಟರ್ನಿಟಿ ಮನೆಗಳಲ್ಲಿ ನಡೆಯುತ್ತವೆ. ಬಾಗಿಲು ಕಾಯುವವರು, ಗ್ಲಾಸು ತುಂಬಿಸುವವರು ಎಲ್ಲ ಅವರೇ. ಇದನ್ನು ತಿಳಿದುಕೊಂಡೇ ಹೋಗಬೇಕು.

ಜನವರಿಯಲ್ಲಿ ದೇಸಿ ಸೊರೊರಿಟಿಯ ಸಭೆಗೆ ಹೋದೆ. ಇವುಗಳ ಇತಿಹಾಸ ನನಗೆ ತುಂಬ ಹಿಡಿಸಿತು. ಬಿಳಿಯರ ಸಂಘಗಳಲ್ಲಿ ಜಾಗವಿಲ್ಲದ ಕಾಲದಲ್ಲಿ, 1906ರಲ್ಲಿ ಕಾರ್ನೆಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಕಟ್ಟಿದರು. ದಕ್ಷಿಣ ಏಷ್ಯಾದ ಹುಡುಗಿಯರ ಸರದಿ ಬಂದದ್ದು 1998ರಲ್ಲಿ: ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ.

ನಾನು ಹೋದಲ್ಲಿ ಇದ್ದವರು ಹದಿನಾಲ್ಕೇ ಜನ. ಚಹಾ, ಸಮೋಸ, ಗರ್ಬಾ. ಮನೆ ಸಿಕ್ಕಿತು ಅಂದುಕೊಂಡೆ. ಆದರೆ ಹೆಚ್ಚಿನವರು ಅಲ್ಲೇ ಹುಟ್ಟಿ ಬೆಳೆದವರು. ಅವರು ನನ್ನಲ್ಲಿ ಇಂಡಿಯಾ ಹುಡುಕುತ್ತಿದ್ದರು, ನಾನು ಅವರಲ್ಲಿ ಅಮೆರಿಕ ಹುಡುಕುತ್ತಿದ್ದೆ. ಇಬ್ಬರದೂ ತಪ್ಪಲ್ಲ. ನನ್ನ ರೂಮ್‌ಮೇಟ್, ಹುಬ್ಬಳ್ಳಿ ಮೂಲದ ಮನೆಯವಳು, ಅಲ್ಲೇ ಸೇರಿದಳು. ಅವಳ ಅಜ್ಜಿ ತೀರಿಕೊಂಡ ರಾತ್ರಿ ಸಂಘದ ಇಬ್ಬರು ಹುಡುಗಿಯರು ಮೂರು ಗಂಟೆ ಕಾರು ಓಡಿಸಿ ಅವಳನ್ನು ವಿಮಾನ ಹತ್ತಿಸಿ ಬಂದರು. ದೊಡ್ಡ ಮನೆಯಲ್ಲೂ ಇದು ಆಗಬಹುದು, ಆದರೆ ಹದಿನಾಲ್ಕು ಜನರಲ್ಲಿ ಯಾರೂ ಕಣ್ಣುತಪ್ಪಿ ಹೋಗುವುದಿಲ್ಲ.

ನಾನು ಹಿಂದೆ ಸರಿದದ್ದು ಗುಟ್ಟಿನ ಕಾರಣಕ್ಕೆ. ಹೊಸಬರು ಕೆಲವು ವಾರ ಇತಿಹಾಸ ಬಾಯಿಪಾಠ ಮಾಡಿ, ಹೆಜ್ಜೆ ಕಲಿತು, ಕೊನೆಗೆ ಎಲ್ಲರೆದುರು ಸಾಲಾಗಿ ಪ್ರದರ್ಶನ ಕೊಡುತ್ತಾರೆ. ಆ ವಾರಗಳಲ್ಲಿ ಏನೇನಿರುತ್ತದೆ ಎಂದು ಕೇಳಿದೆ. "ಕೆಲವು ಸೇರಿದ ಮೇಲೇ ಗೊತ್ತಾಗುತ್ತವೆ" ಅಂದರು. ಕೆಟ್ಟದ್ದೇ ಇತ್ತೆಂದು ಹೇಳಲಾರೆ. ಆದರೆ ಅಪ್ಪ ಫೋನಿನಲ್ಲಿ, "ರ‍್ಯಾಗಿಂಗ್ ಏನಾದ್ರೂ ಇದೆಯೇನಮ್ಮಾ?" ಎಂದಾಗ ಗಟ್ಟಿಯಾಗಿ ಇಲ್ಲ ಅನ್ನಲು ನನಗೆ ಆಗಲಿಲ್ಲ. ನಮ್ಮೂರ ರ‍್ಯಾಗಿಂಗ್ ಬೇಡವೆಂದರೂ ಮೇಲೆ ಬೀಳುತ್ತದೆ. ಅಲ್ಲಿ ಇದಕ್ಕೆ ಹೇಜಿಂಗ್ ಅನ್ನುತ್ತಾರೆ, ಅದು ನಾವಾಗಿ ಸೇರಲು ಹೋದಲ್ಲಿ ಕಾದಿರುತ್ತದೆ, ಅದಕ್ಕೇ ಬೇಡ ಅನ್ನುವುದು ಇನ್ನೂ ಕಷ್ಟ. 2024ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಲ್ಲಿನ ಕಾಲೇಜುಗಳು ಹೇಜಿಂಗ್ ತಪ್ಪು ಮಾಡಿದ ಸಂಘಗಳ ವಿವರವನ್ನು ಬಹಿರಂಗವಾಗಿ ಪ್ರಕಟಿಸಬೇಕು. ಯಾವ ಸಂಘಕ್ಕೇ ಹೋಗುವ ಮುಂಚೆ ನಿಮ್ಮ ಕಾಲೇಜಿನ ಆ ವರದಿ ಓದಿ.

ಕೊನೆಗೆ ನಾನು ಸೇರಿದ್ದು ಆಲ್ಫಾ ಫೈ ಒಮೆಗಾಗೆ. ಸ್ಕೌಟ್ ಆದರ್ಶಗಳ ಮೇಲೆ 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ ಹುಟ್ಟಿದ ಸೇವಾ ಫ್ರಟರ್ನಿಟಿ. 1976ರಿಂದ ಹುಡುಗಿಯರೂ ಇದ್ದಾರೆ. ನಮ್ಮದಕ್ಕೆ ಮನೆಯಿಲ್ಲ, ಬಾಡಿಗೆಯಿಲ್ಲ, ಸೆಮಿಸ್ಟರಿಗೆ ಸುಮಾರು 120 ಡಾಲರ್. ಐದು ನಿಮಿಷದ ಮಾತಿನಲ್ಲಿ ಯಾರೂ ನನ್ನನ್ನು ತೂಗಲಿಲ್ಲ. ಇಷ್ಟು ಗಂಟೆ ಕೆಲಸ, ಇಷ್ಟು ಸಭೆ ಎಂದು ಮೊದಲ ದಿನವೇ ಕಾಗದದಲ್ಲಿ ಕೊಟ್ಟರು, ಮುಗಿಸಿದೆ, ಒಳಗೆ ಬಂದೆ. ಶನಿವಾರ ಬೆಳಿಗ್ಗೆ ಫುಡ್ ಬ್ಯಾಂಕಿನಲ್ಲಿ ನೆಗ್ಗಿದ ಡಬ್ಬಿ ಒಂದು ಕಡೆ, ದಿನಾಂಕ ಮೀರಿದ್ದು ಇನ್ನೊಂದು ಕಡೆ ಎಂದು ಬೇರೆ ಮಾಡುತ್ತಾ ನಿಂತರೆ ಮಾತು ತಾನಾಗಿ ಬರುತ್ತಿತ್ತು. ಇಂಗ್ಲಿಷ್ ತಡವರಿಸಿದರೆ ಕೈಯಲ್ಲಿ ಕೆಲಸವಿತ್ತು.

ಕೊರತೆಯೂ ಇದೆ. ಪರೀಕ್ಷೆ ಬಂದರೆ ಅರ್ಧ ಜನ ಕಾಣೆ. ಜ್ವರ ಬಂದು ಮಲಗಿದ ವಾರ ಅಲ್ಲಿಂದ ಯಾರೂ ವಿಚಾರಿಸಲಿಲ್ಲ, ಗಂಜಿ ಮಾಡಿಕೊಟ್ಟವಳು ಅದೇ ರೂಮ್‌ಮೇಟ್.

ದಾವಣಗೆರೆಯಿಂದ ಈ ಆಗಸ್ಟ್‌ಗೆ ಹೊರಟ ಹುಡುಗಿಗೆ ನಾನು ಹೇಳಿದ್ದು ಹೀಗೆ: ರಷ್‌ಗೆ ಹೋಗು, ಆದರೆ ಇಡೀ ವರ್ಷದ ಖರ್ಚಿನ ಪಟ್ಟಿ ಕೈಗೆ ಬರುವವರೆಗೆ ಸಹಿ ಬೇಡ. ಸೇವಾ ಫ್ರಟರ್ನಿಟಿಗೆ ಕ್ಲಾಸು ಶುರುವಾದ ಮೇಲೂ ಸೇರಬಹುದು, ಸೊರೊರಿಟಿಯಲ್ಲಿದ್ದುಕೊಂಡೇ ಸೇರಬಹುದು. ಅವಳೀಗ ಮೊದಲ ದಿನ ಸೀರೆ ಉಡಬಹುದಾ ಎಂದು ಕೇಳಿದ್ದಾಳೆ. ಉಡು ಎಂದಿದ್ದೇನೆ.