ಮರವಂತೆಯ ಹಂಚಿನ ಮನೆ: ಚಾವಡಿ ಪಕ್ಕದ ರೂಮೇ ಕೇಳಿ

ಕರಾವಳಿಯಲ್ಲಿ ‘ಹೆರಿಟೇಜ್ ಮನೆ’ ಅಂತ ಬೋರ್ಡು ಕಂಡರೆ ನನಗೆ ಅನುಮಾನ. ಎಷ್ಟೋ ಕಡೆ ಕಾಂಕ್ರೀಟ್ ತಾರಸಿ ಮೇಲೆ ಶೋಕಿಗೆ ನಾಲ್ಕು ಸಾಲು ಹಂಚು ಹೊದಿಸಿರುತ್ತಾರೆ, ಅಷ್ಟೇ. ಮರವಂತೆಯ ಈ ಹೋಂಸ್ಟೇ ಹಾಗಲ್ಲ. ಮುರಕಲ್ಲಿನ ಗೋಡೆ ಹಳೆಯದೇ. ಮಂಗಳೂರು ಹಂಚು ಇಳಿಸಿ, ಅದನ್ನು ಹೊರುವ ಮರದ ಪಟ್ಟಿಗಳಲ್ಲಿ, ಅಂದರೆ ಪಕ್ಕಾಸು, ರೀಪಿನಲ್ಲಿ, ಗೆದ್ದಲು ತಿಂದದ್ದನ್ನು ಬದಲಿಸಿ, ಅದೇ ಹಂಚನ್ನು ತೊಳೆದು ಮತ್ತೆ ಹೊದಿಸಿದ್ದಾರೆ. ಚಾವಡಿಯ ರೆಡ್‌ಆಕ್ಸೈಡ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಸದ್ಯ, ಟೈಲ್ಸ್ ಹಾಕಿ ಮುಚ್ಚಿಲ್ಲ! ಏಪ್ರಿಲ್ ಸೆಕೆಯಲ್ಲೂ ನೆಲ ತಣ್ಣಗಿತ್ತು. ನಮ್ಮತ್ತೆ ಮಧ್ಯಾಹ್ನ ಚಾಪೆಯನ್ನೂ ಕೇಳದೆ ಅಲ್ಲೇ ಮಲಗಿಬಿಟ್ಟರು.

ನನಗೆ ಜಾಸ್ತಿ ಹಿಡಿಸಿದ್ದು ಅಡುಗೆಮನೆ. ಸೂರಿನಲ್ಲಿ ಗಾಜಿನ ಹಂಚು ಇಟ್ಟಿದ್ದಾರೆ, ಹಗಲು ಲೈಟೇ ಬೇಡ. ಒಲೆಯ ಜಾಗಕ್ಕೆ ಗ್ಯಾಸು ಬಂದಿದೆ. ಆದರೆ ಅರೆಯುವ ಕಲ್ಲು ಸುಮ್ನೆ ಅಲಂಕಾರಕ್ಕೆ ಕೂತಿಲ್ಲ. ಮನೆ ನೋಡಿಕೊಳ್ಳುವ ಅಕ್ಕ ಬಂಗುಡೆಗೆ ಮಸಾಲೆ ಅದರಲ್ಲೇ ಅರೆದರು. ಅತ್ತೆ ಮೀನು ತಿನ್ನಲ್ಲ ಅಂತ ಗೊತ್ತಾದ ತಕ್ಷಣ ಅವರಿಗೆ ಬೇರೆ ಪಾತ್ರೆ, ಬೇರೆ ಸೌಟು. ನಾವು ಹೇಳಿದ್ದೇ ಇಲ್ಲ. ಬೆಳಿಗ್ಗೆ ನೀರುದೋಸೆ, ಜೊತೆಗೆ ಕಾಯಿಬೆಲ್ಲ. ಜೂನ್, ಜುಲೈನಲ್ಲಿ ಹೋಗುವವರು ಮೀನಿನ ಆಸೆ ಕಡಿಮೆ ಇಟ್ಟುಕೊಳ್ಳಿ. ಆಗ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ.

‘ಸಮುದ್ರಕ್ಕೆ ಎರಡೇ ನಿಮಿಷ’ ಅಂತ ಜಾಹೀರಾತು. ನಿಜ, ಆದರೆ ರಸ್ತೆ ಖಾಲಿ ಇದ್ದರೆ! ಮರವಂತೆ ಹೆಸರಾಗಿರುವುದೇ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ ಆ ನೋಟಕ್ಕೆ. ಮನೆ ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ತೆಂಗಿನ ತೋಟದೊಳಗಿದೆ. ಕಡಲಿಗೆ ಹೋಗಲು ಹೆದ್ದಾರಿ ದಾಟಲೇಬೇಕು. ಚಿಕ್ಕ ಮಕ್ಕಳಿದ್ದರೆ ಕೈ ಬಿಡಬೇಡಿ. ನೀರಿಗಿಳಿಯುವ ಯೋಚನೆಯೂ ಬೇಡ. ದಡದುದ್ದಕ್ಕೂ ಬಂಡೆ ಸುರಿದಿದ್ದಾರೆ, ಸೆಳೆತವೂ ಇದೆ. “ಕಡ್ಲಿಗೆ ಇಳುಕಾಗ” ಅಂತ ಆ ಅಕ್ಕ ಮಕ್ಕಳಿಗೆ ಮೊದಲೇ ಗದರಿದ್ದರು.

ಹಿಂದಿನ ಎಸಿ ರೂಮು ಮಾತ್ರ ಬೇಡವೇ ಬೇಡ. ಇಷ್ಟು ಚೆಂದದ ಮರದ ಸೂರನ್ನು ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಿದ್ದಾರೆ, ಯಾರ ಐಡಿಯಾನೋ! ಒಳಗೆ ಮುಗ್ಗಲು ವಾಸನೆ. ಉಪ್ಪುಗಾಳಿಗೆ ಕಿಟಕಿಯ ಚಿಲಕ ತುಕ್ಕು ಹಿಡಿದು ಅಲುಗಾಡುವುದಿಲ್ಲ. ಚಾವಡಿ ಪಕ್ಕದ ರೂಮಿಗೆ ರಾತ್ರಿಯಿಡೀ ಲಾರಿ ಸದ್ದು ಕೇಳಿಸುತ್ತದೆ, ಆದರೂ ಅದೇ ವಾಸಿ. ಫ್ಯಾನ್ ಸಾಕು.

ಇಡೀ ಮನೆಗೆ ರಾತ್ರಿಗೆ 7,000 ರೂಪಾಯಿ, ಊಟ ಬೇರೆ. ಎರಡು ಸಂಸಾರ ಸೇರಿ ಹೋದರೆ ದುಬಾರಿ ಅಲ್ಲ. ಬಾಗಿಲು ಗಿಡ್ಡ, ಎತ್ತರದವರು ತಲೆ ಬಗ್ಗಿಸಿ. ಹಳೇ ಮನೆ ಅಂದಮೇಲೆ ಅದು ಇರುವುದೇ ಅಲ್ವಾ? ಬಚ್ಚಲಿನದ್ದು ಹಾಗಲ್ಲ, ಅದು ಹೊಸದಾಗಿ ಮಾಡಿದ ತಪ್ಪು. ನುಣುಪು ಟೈಲ್ಸ್, ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಮಂಡಿನೋವಿನ ಅತ್ತೆಯನ್ನು ಪ್ರತಿ ಸಲ ನಾನೇ ಕೈಹಿಡಿದು ಕರೆದೊಯ್ದೆ. ಮಾಲೀಕರಿಗೆ ಹೇಳಿದಾಗ ಕಂಬಿ ಹಾಕಿಸ್ತೀವಿ ಅಂದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮೊದಲು ಅದರ ಫೋಟೋ ತರಿಸಿಕೊಂಡು ನೋಡಿ.