ಸೋಲನ್ನು ವಿಂಗಡಿಸಿ ನೋಡುವ ಪುಸ್ತಕ: ಏಮಿ ಎಡ್ಮಂಡ್‌ಸನ್ ಅವರ ‘ರೈಟ್ ಕೈಂಡ್ ಆಫ್ ರಾಂಗ್’

ನಾಯಕತ್ವ ಮತ್ತು ಯಶಸ್ಸಿನ ಕುರಿತ ಪುಸ್ತಕಗಳಲ್ಲಿ ಸೋಲಿಗೆಂದೇ ಒಂದು ಅಧ್ಯಾಯ ಇದ್ದೇ ಇರುತ್ತದೆ. ಸೋಲೇ ಗೆಲುವಿನ ಸೋಪಾನ ಎಂಬ ಮಾತನ್ನು ಒಂದಲ್ಲ ಒಂದು ಬಗೆಯಲ್ಲಿ ಹೇಳಿ ಅದು ಮುಗಿಯುವುದೂ ಬಹುಮಟ್ಟಿಗೆ ಖಚಿತ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ಅವರ ‘ರೈಟ್ ಕೈಂಡ್ ಆಫ್ ರಾಂಗ್’ ಇಡಿಯಾಗಿ ಸೋಲಿನ ಕುರಿತೇ ಇರುವ ಪುಸ್ತಕವಾದರೂ ಆ ಸವಕಲು ಮಾತನ್ನು ಒಪ್ಪದೆ ಮುಂದುವರಿಯುತ್ತದೆ. ಎಲ್ಲ ಸೋಲುಗಳೂ ಒಂದೇ ಜಾತಿಯವಲ್ಲ, ಕೆಲವನ್ನು ತಡೆಯಬೇಕು, ಕೆಲವನ್ನು ಬರಮಾಡಿಕೊಳ್ಳಬೇಕು, ಯಾವುದು ಯಾವುದೆಂದು ತಿಳಿಯದ ನಾಯಕ ಎರಡರಲ್ಲೂ ಎಡವುತ್ತಾನೆ ಎಂಬುದು ಇದರ ವಾದ. 2023ರಲ್ಲಿ ಪ್ರಕಟವಾದ ಈ ಪುಸ್ತಕಕ್ಕೆ ಅದೇ ವರ್ಷ ಫೈನಾನ್ಷಿಯಲ್ ಟೈಮ್ಸ್ ಮತ್ತು ಶ್ರೋಡರ್ಸ್ ನೀಡುವ ವರ್ಷದ ವ್ಯವಹಾರ ಪುಸ್ತಕ ಪ್ರಶಸ್ತಿ ಬಂದಿತು. ಪ್ರಶಸ್ತಿ ಸರಿಯಾದ ಕೈಗೇ ಹೋಗಿದೆ ಎಂದು ನಾನು ಭಾವಿಸುತ್ತೇನೆ. ಆದರೂ ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ ಒಂದು ವಿಚಾರವಿದೆ, ಒಂದು ದೊಡ್ಡ ಕೊರತೆಯೂ ಇದೆ.

ಲೇಖಕಿ ಈ ವಿಷಯಕ್ಕೆ ಬಂದದ್ದೇ ತಮ್ಮ ಊಹೆಯೊಂದು ತಲೆಕೆಳಗಾದದ್ದರಿಂದ. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಅವರು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಹೊಂದಾಣಿಕೆಯಿಂದ ಕೆಲಸ ಮಾಡುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರೆ, ಅಂಕಿಅಂಶಗಳು ಅಂಥ ತಂಡಗಳಲ್ಲೇ ತಪ್ಪುಗಳು ಹೆಚ್ಚು ಎಂದು ತೋರಿಸಿದವು. ಒಳ್ಳೆಯ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದವು ಎಂಬುದು ಆಮೇಲೆ ಸ್ಪಷ್ಟವಾಯಿತು. ‘ಮಾನಸಿಕ ಸುರಕ್ಷತೆ’, ಅಂದರೆ ತಪ್ಪನ್ನು ಭಯವಿಲ್ಲದೆ ಹೇಳಿಕೊಳ್ಳಬಹುದೆಂಬ ನಂಬಿಕೆ, ಎಂದು ಇಂದು ಪ್ರತಿಯೊಂದು ಕಂಪನಿಯ ಮಾನವ ಸಂಪನ್ಮೂಲ ವಿಭಾಗವೂ ಹೇಳುವ ಪರಿಕಲ್ಪನೆ ಈ ಅರಿವಿನಿಂದ ಬೆಳೆದದ್ದು. ಎಡ್ಮಂಡ್‌ಸನ್ 1999ರಲ್ಲಿ ಅದರ ಕುರಿತ ಸಂಶೋಧನಾ ಪ್ರಬಂಧವನ್ನು ಪ್ರಕಟಿಸಿದರು.

ಪುಸ್ತಕ ಸೋಲುಗಳನ್ನು ಮೂರಾಗಿ ವಿಂಗಡಿಸುತ್ತದೆ. ಗೊತ್ತಿರುವ ಕೆಲಸದಲ್ಲಿ ಗಮನ ತಪ್ಪಿದ್ದರಿಂದ ಆಗುವುದು ಸಾಮಾನ್ಯ ಸೋಲು. ಪ್ರತ್ಯೇಕವಾಗಿ ನೋಡಿದರೆ ಚಿಕ್ಕದೆನಿಸುವ ಹಲವು ಕಾರಣಗಳು ಒಟ್ಟಿಗೆ ಸೇರಿ ಆಗುವುದು ಸಂಕೀರ್ಣ ಸೋಲು. ಯಾರೂ ನಡೆದಿರದ ದಾರಿಯಲ್ಲಿ ತಿಳಿದೇ ಹೆಜ್ಜೆಯಿಟ್ಟು ಎದುರಿಸುವುದು ವಿವೇಕದ ಸೋಲು. ಈ ಮೂರನೆಯದಕ್ಕೆ ಲೇಖಕಿ ಬಿಗಿಯಾದ ಷರತ್ತುಗಳನ್ನು ಹಾಕುತ್ತಾರೆ. ಕ್ಷೇತ್ರ ನಿಜಕ್ಕೂ ಹೊಸದಾಗಿರಬೇಕು, ಸಾಧಿಸಬೇಕಾದ ಗುರಿ ಎದುರಿಗಿರಬೇಕು, ಈವರೆಗೆ ಗೊತ್ತಿರುವುದನ್ನೆಲ್ಲ ಓದಿಕೊಂಡು ಒಂದು ಊಹೆಯನ್ನು ಕಟ್ಟಿಕೊಂಡಿರಬೇಕು, ಸೋತರೆ ಆಗುವ ನಷ್ಟ ಸಾಧ್ಯವಾದಷ್ಟು ಚಿಕ್ಕದಾಗಿರಬೇಕು, ಸೋಲಿನಿಂದ ಕಲಿತದ್ದು ಮುಂದಿನ ಪ್ರಯತ್ನದಲ್ಲಿ ಬಳಕೆಯಾಗಬೇಕು. ಹೂಡಿಕೆದಾರರ ಹಣ ಕರಗಿಸಿದ ಮೇಲೆ ‘ನಾವು ಪ್ರಯೋಗ ಮಾಡಿದೆವು’ ಎನ್ನುವ ನವೋದ್ಯಮಿಗಳಲ್ಲಿ ಬಹಳ ಮಂದಿ ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದಿಲ್ಲ. ಈ ಪುಟಗಳಿಗಾಗಿಯೇ ಪುಸ್ತಕವನ್ನು ಕೊಳ್ಳಬಹುದು.

ನನಗೆ ಒಪ್ಪಿಗೆಯಾಗದ ವಿಚಾರ ಸಾಮಾನ್ಯ ಸೋಲಿನ ಅಧ್ಯಾಯದಲ್ಲಿದೆ. ಅಲ್ಲಿನ ಮುಖ್ಯ ಉದಾಹರಣೆ ಸಿಟಿಬ್ಯಾಂಕ್‌ನದು. 2020ರ ಆಗಸ್ಟ್‌ನಲ್ಲಿ ಆ ಬ್ಯಾಂಕು ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಯ ಪರವಾಗಿ, ಅದಕ್ಕೆ ಸಾಲ ಕೊಟ್ಟ ಸಂಸ್ಥೆಗಳಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ಮಾತ್ರ ಕಳುಹಿಸಬೇಕಿತ್ತು. ಕಳುಹಿಸಿದ್ದು ಅಸಲೂ ಸೇರಿ ಸುಮಾರು 90 ಕೋಟಿ ಡಾಲರ್. ಪಾವತಿ ತಂತ್ರಾಂಶದ ಪರದೆಯಲ್ಲಿ ಮೂರು ಚೌಕಗಳಲ್ಲಿ ಗುರುತು ಹಾಕಬೇಕಾದಲ್ಲಿ ಒಂದರಲ್ಲಿ ಮಾತ್ರ ಹಾಕಿದ್ದರು ಎಂಬುದು ಕಾರಣ. ಗಮನ ತಪ್ಪಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಹೊರಬಂದ ವಿವರಗಳು ಬೇರೆಯೇ ಚಿತ್ರ ಕೊಡುತ್ತವೆ. ವ್ಯವಹಾರವನ್ನು ದಾಖಲಿಸಿದವರು, ಪರಿಶೀಲಿಸಿದವರು, ಅಂತಿಮ ಒಪ್ಪಿಗೆ ಕೊಟ್ಟವರು ಮೂವರೂ ಬೇರೆ ಬೇರೆ ವ್ಯಕ್ತಿಗಳು. ಅಸಲು ಹೊರಗೆ ಹೋಗದಂತೆ ಬ್ಯಾಂಕಿನ ಒಳಗಿನ ಖಾತೆಗೆ ತಿರುಗಿಸಲು ಒಂದು ಗುರುತು ಸಾಕೆಂದು ಮೂವರೂ ನಂಬಿದ್ದರು. ಒಬ್ಬರ ಕಣ್ಣು ತಪ್ಪಿದರೆ ಅದನ್ನು ಅಜಾಗರೂಕತೆ ಎನ್ನಬಹುದು. ಮೂವರು ಪ್ರತ್ಯೇಕವಾಗಿ ನೋಡಿ ಒಂದೇ ತಪ್ಪು ತಿಳಿವಳಿಕೆಗೆ ಬಂದಿದ್ದರೆ ದೋಷವನ್ನು ತಂತ್ರಾಂಶದ ಆ ಪರದೆಯಲ್ಲಿ, ಅದನ್ನು ಬಳಸಲು ಕೊಟ್ಟ ತರಬೇತಿಯಲ್ಲಿ ಹುಡುಕಬೇಕು. ಲೇಖಕಿಯ ವಿಂಗಡಣೆಯ ಪ್ರಕಾರವೇ ಅದು ಸಂಕೀರ್ಣ ಸೋಲಿನ ಗುಂಪಿಗೆ ಸೇರಬೇಕಿತ್ತು. ಮೊದಲಿಬ್ಬರು ಹೊರಗುತ್ತಿಗೆ ಕಂಪನಿಯೊಂದರ ಭಾರತದ ನೌಕರರು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಸೋಲಿಗೆ ‘ಸಾಮಾನ್ಯ’ ಎಂಬ ಚೀಟಿ ಅಂಟಿಸಿದ ಕೂಡಲೇ ಬೆರಳು ವ್ಯವಸ್ಥೆಯಿಂದ ವ್ಯಕ್ತಿಯತ್ತ, ಅದರಲ್ಲೂ ಕೆಳಗಿನ ವ್ಯಕ್ತಿಯತ್ತ ತಿರುಗುತ್ತದೆ.

ಸಂಕೀರ್ಣ ಸೋಲಿನ ಭಾಗ ಗಟ್ಟಿಯಾಗಿದೆ. 1967ರಲ್ಲಿ ಇಂಗ್ಲೆಂಡಿನ ಕರಾವಳಿಯ ಬಳಿ ಬಂಡೆಗೆ ಬಡಿದು ಸಮುದ್ರಕ್ಕೆಲ್ಲ ತೈಲ ಚೆಲ್ಲಿದ ಟೊರಿ ಕ್ಯಾನ್ಯನ್ ಹಡಗಿನ ಕಥೆಯನ್ನು ಲೇಖಕಿ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಟೊಯೋಟಾದ ಆಂಡಾನ್ ಹಗ್ಗದ ಪ್ರಸ್ತಾಪವೂ ಪುಸ್ತಕದಲ್ಲಿದೆ. ಸಂಶಯ ಬಂದ ಕಾರ್ಮಿಕ ಹಗ್ಗ ಎಳೆಯುತ್ತಾನೆ, ತಂಡದ ಮುಖ್ಯಸ್ಥ ಓಡಿಬರುತ್ತಾನೆ, ನಿಗದಿತ ಸಮಯದೊಳಗೆ ಸಮಸ್ಯೆ ಬಗೆಹರಿಯದಿದ್ದರೆ ಮಾತ್ರ ಉತ್ಪಾದನೆ ನಿಲ್ಲುತ್ತದೆ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇರುವುದರಿಂದ ಬೆಂಗಳೂರಿನ ಬಿಡಿಭಾಗ ತಯಾರಕರಿಗೆ ಈ ಪದ್ಧತಿಯ ಹೆಸರು ಹೊಸದಲ್ಲ, ಆದರೆ ಅದರ ಅಂತರಾಳವನ್ನು ಈ ಪುಸ್ತಕದಷ್ಟು ಸರಳವಾಗಿ ವಿವರಿಸಿದ ಬರಹವನ್ನು ನಾನು ಹೆಚ್ಚು ಓದಿಲ್ಲ.

ಪುಸ್ತಕವನ್ನು ಓದುತ್ತಾ ಅದರ ಷರತ್ತುಗಳನ್ನು ನಾನು ಚಂದ್ರಯಾನಕ್ಕೆ ಅನ್ವಯಿಸಿ ನೋಡಿದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿತು. ಕ್ಷೇತ್ರ ಹೊಸದು, ಗುರಿ ಸ್ಪಷ್ಟ, ಸಿದ್ಧತೆ ದೀರ್ಘ. ನಷ್ಟ ಚಿಕ್ಕದಾಗಿರಬೇಕೆಂಬ ಷರತ್ತಿನ ಬಳಿ ಮಾತ್ರ ಮೊದಲು ಅನುಮಾನ ಬಂದಿತು. ಆದರೆ ಲ್ಯಾಂಡರ್ ಇಳಿಯುವ ಮೊದಲೇ ಆರ್ಬಿಟರ್ ಬೇರ್ಪಟ್ಟಿದ್ದರಿಂದ ಅದು ತನ್ನ ಕಕ್ಷೆಯಲ್ಲಿ ಕೆಲಸ ಮುಂದುವರಿಸಿತು, ಮುಂದೆ ಚಂದ್ರಯಾನ-3ರ ಇಳಿದಾಣವನ್ನು ಆರಿಸಲು ಅದರ ಕ್ಯಾಮೆರಾ ತೆಗೆದ ಚಿತ್ರಗಳೇ ನೆರವಾದವು. ಕಲಿತದ್ದೂ ಕಣ್ಣಿಗೆ ಕಾಣುವಂತಿತ್ತು: ಇಳಿಯಲು ಗುರುತಿಸಿದ ಜಾಗ 500 ಮೀಟರ್ ಉದ್ದಗಲದಿಂದ ಕಿಲೋಮೀಟರುಗಳ ಅಳತೆಗೆ ಹಿಗ್ಗಿತು, ಲ್ಯಾಂಡರಿನ ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, ನಡುವಿನ ಐದನೇ ಎಂಜಿನ್ ಹೋಯಿತು. 2023ರ ಆಗಸ್ಟ್ 23ರ ಯಶಸ್ಸು ಹೀಗೆ ಕಟ್ಟಿದ್ದು. ಲೇಖಕಿಯ ಚೌಕಟ್ಟು ಅವರು ಬಳಸದ ಉದಾಹರಣೆಗೂ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ಅದರ ಬಲ.

ಆ ನೌಕೆಗಳನ್ನು ನಿಯಂತ್ರಿಸಿದ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಇರುವುದು ಬೆಂಗಳೂರಿನ ಪೀಣ್ಯದಲ್ಲಿ. ಅದೇ ಪೀಣ್ಯದ ಸಣ್ಣ ಯಂತ್ರಶಾಲೆಗಳ ಗುಣಮಟ್ಟ ತಪಾಸಣೆಯಲ್ಲಿ ನಾನು ಬಹುಕಾಲದಿಂದ ತೊಡಗಿದ್ದೇನೆ, ಆದ್ದರಿಂದ ಪುಸ್ತಕದ ಕೊರತೆ ನನಗೆ ಬೇಗ ಕಣ್ಣಿಗೆ ಬಿತ್ತು. ನಾನು ನೋಡಿದ ಒಂದು ಘಟಕದಲ್ಲಿ ತಿರಸ್ಕೃತ ತುಂಡುಗಳನ್ನು ಬರೆದಿಡುವ ರಿಜೆಕ್ಷನ್ ಪುಸ್ತಕದಲ್ಲಿ ದಿನಾಂಕ, ಪಾಳಿ, ಬಿಡಿಭಾಗದ ಸಂಖ್ಯೆ, ಕೆಟ್ಟ ತುಂಡುಗಳ ಲೆಕ್ಕ, ಆಪರೇಟರ್ ಹೆಸರು ಎಂದು ಐದು ಕಲಮುಗಳಿದ್ದವು. ಯಂತ್ರಕ್ಕೆ ಯಾವ ಇನ್ಸರ್ಟ್ (ಲೋಹ ಕಡೆಯುವ ಬದಲಿಸಬಹುದಾದ ಅಲಗು) ಹಾಕಿತ್ತು, ಅದು ಎಷ್ಟು ತುಂಡುಗಳನ್ನು ಕಡೆದಿತ್ತು, ಕಚ್ಚಾವಸ್ತು ಯಾವ ಲಾಟಿನದು ಎಂದು ಬರೆಯಲು ಜಾಗವೇ ಇರಲಿಲ್ಲ. ಕೆಟ್ಟ ತುಂಡಿನ ಬೆಲೆಯನ್ನು ಸಂಬಳದಲ್ಲಿ ಹಿಡಿಯುತ್ತಿದ್ದುದರಿಂದ ರಂಧ್ರದ ಅಳತೆ ತಪ್ಪಿದ ತುಂಡುಗಳು ತಿರಸ್ಕೃತ ತುಂಡುಗಳ ಕೆಂಪು ಡಬ್ಬಿಗೆ ಬರದೆ ಲೋಹದ ಚೂರುಗಳ ರಾಶಿಯಡಿ ಸೇರುತ್ತಿದ್ದವು. ಅಂಥ ಕಡೆ ಆಪರೇಟರನಿಗೆ ವಿವೇಕದ ಸೋಲು ಎಂಬುದೊಂದು ಇರಲು ಸಾಧ್ಯವೇ ಇಲ್ಲ. ಅವನು ಹೊಸ ವೇಗದಲ್ಲಿ ಯಂತ್ರ ಓಡಿಸಿ ನೋಡಿದರೂ ಅದು ತಪ್ಪೇ ಆಗುತ್ತದೆ, ಅದನ್ನೇ ಮಾಲೀಕ ಮಾಡಿದರೆ ಪ್ರಯೋಗವಾಗುತ್ತದೆ.

ಸೋಲುವ ಅವಕಾಶ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂಬುದನ್ನು ಎಡ್ಮಂಡ್‌ಸನ್ ಒಪ್ಪುತ್ತಾರೆ, ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಆದರೆ ಸುಮಾರು 350 ಪುಟಗಳ ಪುಸ್ತಕದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ. ವಿಜ್ಞಾನಿಗಳು, ಶಸ್ತ್ರಚಿಕಿತ್ಸಕರು, ಹೂಡಿಕೆ ಸಂಸ್ಥೆಯ ಮುಖ್ಯಸ್ಥರು ಸೋತು ಕಲಿತ ಕಥೆಗಳು ಪುಟಪುಟಕ್ಕೂ ಬರುವಾಗ, ದಿನಗೂಲಿಯ ಮೇಲೆ, ಗುತ್ತಿಗೆಯ ಮೇಲೆ ಕೆಲಸ ಮಾಡುವವರು ತಮ್ಮ ತಪ್ಪನ್ನು ಹೇಳಿಕೊಳ್ಳಲು ನಿಯಮಗಳು ಹೇಗೆ ಬದಲಾಗಬೇಕೆಂಬ ಪ್ರಶ್ನೆಗೆ ಪೂರ್ಣ ಅಧ್ಯಾಯವೊಂದು ಬೇಕಿತ್ತು. ನಾಯಕನ ನಡವಳಿಕೆ ತಿದ್ದಿಕೊಂಡರೆ ಸಾಲದು. ಸಂಬಳದ ಚೀಟಿಯಲ್ಲಿ ಕಡಿತದ ಸಾಲು ಇರುವವರೆಗೆ ಬಾಯಿಮಾತಿನ ಭರವಸೆಯನ್ನು ಯಾರೂ ನಂಬುವುದಿಲ್ಲ.

ಪುಸ್ತಕದ ಇಂಗ್ಲಿಷ್ ಸರಳವಾಗಿದೆ, ಪಾರಿಭಾಷಿಕ ಪದಗಳ ಹೊರೆಯಿಲ್ಲ. ಸ್ವಂತ ಅರಿವನ್ನು ಕುರಿತ ಭಾಗ ಮಾತ್ರ ಸಾಮಾನ್ಯ ಸ್ವಸಹಾಯ ಪುಸ್ತಕಗಳ ಧಾಟಿಗೆ ಜಾರುತ್ತದೆ, ಅಲ್ಲಿ ಬೇಗ ಪುಟ ತಿರುಗಿಸಬಹುದು. ಲೇಖಕಿಯ 2018ರ ‘ದ ಫಿಯರ್‌ಲೆಸ್ ಆರ್ಗನೈಸೇಷನ್’ ಓದಿದವರಿಗೆ ಆರಂಭದ ಪುಟಗಳಲ್ಲಿ ಹೊಸತು ಹೆಚ್ಚೇನೂ ಇಲ್ಲ. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕಿನ ಶಾಖೆ ಹೀಗೆ ದಿನವೂ ಒಂದೇ ಕೆಲಸ ನಡೆಯುವ ಜಾಗದ ಹೊಣೆ ಹೊತ್ತವರು ಸಂಕೀರ್ಣ ಸೋಲಿನ ಅಧ್ಯಾಯದಿಂದ ಶುರುಮಾಡಿ, ಆಮೇಲೆ ಸಿಟಿಬ್ಯಾಂಕ್ ಪ್ರಕರಣಕ್ಕೆ ಹಿಂದಿರುಗುವುದು ಒಳ್ಳೆಯದು. ಆ ಕ್ರಮದಲ್ಲಿ ಓದಿದರೆ ಮೂವರು ನೌಕರರಿಗಿಂತ ಮೊದಲು ಆ ಪರದೆಯ ಮೂರು ಚೌಕಗಳು ಕಣ್ಣಿಗೆ ಬೀಳುತ್ತವೆ.