ಪಿಯುಸಿ ಜೊತೆ ಕಾಲೇಜು ಮಟ್ಟದ ಬರವಣಿಗೆ: ಸ್ವಯಂ ಸಾಕೇ, ಎಪಿ ಬೇಕೇ?

ವಿಜಯಪುರದಲ್ಲಿ ಪಿಯುಸಿ ಓದುವ ಮಗಳಿಗೆ ಇಂಗ್ಲಿಷ್ ಬರವಣಿಗೆಯ ಯಾವ ಕೋರ್ಸ್ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ ಹಗುರ: ಪಾಠ ಉಚಿತ, ಪ್ರಮಾಣಪತ್ರ ಬೇಕೆಂದರಷ್ಟೇ ಪರೀಕ್ಷಾ ಶುಲ್ಕ. ಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಕೋರ್ಸ್, ಪರೀಕ್ಷೆ ಕೊಡುವ ಅಮೆರಿಕದ ಎಪಿಯದು (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಡಾಲರ್ ಲೆಕ್ಕ.

ನಿಜವಾದ ಅಂತರವಿರುವುದು ನಿರೀಕ್ಷೆಯಲ್ಲಿ. ಎಪಿ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ 2 ಗಂಟೆ 15 ನಿಮಿಷಕ್ಕೆ 3 ಪ್ರಬಂಧ: ಆಕರಗಳನ್ನು ಹೆಣೆದು ವಾದಿಸಬೇಕು, ಲೇಖಕರ ತಂತ್ರ ಬಿಡಿಸಬೇಕು, ಸ್ವಂತ ನಿಲುವು ಮಂಡಿಸಬೇಕು. ಗೈಡ್ ಉರು ಹೊಡೆದವರು ನಮ್ಮೂರಿನ ಬೇಸಿಗೆಗಿಟ್ಟ ಬೆಣ್ಣೆಯಂತೆ ಕರಗುತ್ತಾರೆ. ಸ್ವಯಂನಲ್ಲಿ ವಾರದ ಕೆಲಸ ಹಲವು ಸಲ ಬರೀ ಬಹು ಆಯ್ಕೆಯ ಪ್ರಶ್ನೆ. ಕೆಂಪು ಶಾಯಿಯಲ್ಲಿ ವಾಕ್ಯ ತಿದ್ದುವವರು ಸಿಗುವುದು ಅಪರೂಪ. ಬರವಣಿಗೆಗೆ ಇದು ಸಣ್ಣ ಕೊರತೆಯಲ್ಲ.

ಅಮೆರಿಕದಲ್ಲಿ ಪದವಿ ಓದುವ ಯೋಚನೆಯಿದ್ದರೆ ಎಪಿ. ನೀಟ್ ತಯಾರಿಯ ನಡುವೆ ಬಿಡುವು ಕಡಿಮೆಯಿದ್ದರೆ ಸ್ವಯಂ. ಜೊತೆಗೆ ಊರಿನ ನಿವೃತ್ತ ಅಧ್ಯಾಪಕರೊಬ್ಬರಿಂದ ತಿಂಗಳಿಗೆ ಎರಡು ಪ್ರಬಂಧ ತಿದ್ದಿಸಿಕೊಳ್ಳಲಿ.